ಹರಿಶ್ಚಂದ್ರನನ್ನು ಮಕ್ಕಳಿಗೆ ತೋರಿಸುವ ಮುನ್ನ

ಕೆಲವು ತಿಂಗಳುಗಳ ಹಿಂದೆ ಧರ್ಮಕೇಂದ್ರದ ಮನೆಭೇಟಿಗೆಂದು ಹೋಗಿದ್ದಾಗ ಒಂದು ಮನೆಯ ಹಜಾರದಲ್ಲಿ ಕಂಡ ದೃಶ್ಯ ಇಂದಿಗೂ ನನ್ನ ಮನಸ್ಸಿನಿಂದ ಮಾಸಿಲ್ಲ. ಭಾನುವಾರದ ಸಂಜೆ. ನಲವತ್ತರ ಆಸುಪಾಸಿನ ತಂದೆಯೊಬ್ಬರು ತಮ್ಮ ಏಳು ವರ್ಷದ ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ದೂರದರ್ಶನದ ಪರದೆಯ ಮೇಲೆ 'ಸತ್ಯ ಹರಿಶ್ಚಂದ್ರ' ಚಿತ್ರವನ್ನು ಹಾಕಿದ್ದರು. ತಾವು ಚಿಕ್ಕವರಿದ್ದಾಗ ಅಜ್ಜನ ತೊಡೆಯ ಮೇಲೆ ಕುಳಿತು ನೋಡಿದ ಚಿತ್ರವನ್ನು ತಮ್ಮ ಮಗನೂ ನೋಡಲಿ ಎಂಬುದು ಅವರ ಬಹುದಿನಗಳ ಆಸೆಯಾಗಿತ್ತು. ಹುಡುಗನ ಮೊದಲ ಪ್ರಶ್ನೆ, "ಅಪ್ಪಾ, ಟಿ.ವಿ. ಕೆಟ್ಟುಹೋಗಿದೆಯಾ? ಬಣ್ಣಾನೇ ಇಲ್ಲ" ಎಂಬುದು. ತಂದೆ ನಕ್ಕು ಸಮಾಧಾನ ಹೇಳಿದರು. ಹುಡುಗ ಒಮ್ಮೆ ಎದ್ದುಹೋದ, ನೀರು ಕುಡಿದು ಬಂದ, ಮತ್ತೊಮ್ಮೆ ಎದ್ದ. ತಂದೆಯ ಮುಖದಲ್ಲಿ ಬೇಸರ ಕಾಣಿಸತೊಡಗಿತು. ಅಷ್ಟರಲ್ಲಿ ಪರದೆಯ ಮೇಲೆ ರಾಜನು ಸಾಲ ತೀರಿಸಲು ಮಡದಿ ಮಗನನ್ನು ಮಾರುವ ಸನ್ನಿವೇಶ ಬಂದಿತು. ಹುಡುಗ ನಿಂತಲ್ಲೇ ನಿಂತ. ಬಹಳ ಹೊತ್ತು ನೋಡಿದ. ಅನಂತರ ತಂದೆಯ ಕಡೆ ತಿರುಗಿ, "ಅಪ್ಪಾ, ನಿಂಗೆ ಸಾಲ ಆದ್ರೆ ನೀನೂ ನನ್ನನ್ನ ಮಾರ್ತೀಯಾ?" ಎಂದು ಕೇಳಿದ.

ತಂದೆ ಉತ್ತರಿಸಲಿಲ್ಲ. ಚಿತ್ರವನ್ನು ನಿಲ್ಲಿಸಿದರು. ನನ್ನನ್ನು ಬೀಳ್ಕೊಡಲು ಬಾಗಿಲವರೆಗೆ ಬಂದಾಗ, "ಫಾದರ್, ಒಳ್ಳೇದು ತೋರಿಸಬೇಕು ಅಂತ ಹೊರಟೆ, ಹೀಗಾಯ್ತು" ಎಂದರು. ಆ ಮಾತಿನಲ್ಲಿದ್ದ ನೋವು ನನ್ನನ್ನು ಯೋಚನೆಗೆ ಹಚ್ಚಿತು. ನಾವು ಕಂಡು ಬೆಳೆದ ಚಿತ್ರಗಳನ್ನು ನಮ್ಮ ಮಕ್ಕಳ ಕೈಗೆ ದಾಟಿಸುವುದೆಂದರೇನು? ಅದು ಇಷ್ಟು ಕಷ್ಟವಾಗುವುದೇಕೆ? ಈ ಪ್ರಶ್ನೆಗೆ ಉತ್ತರ ಹುಡುಕುವಾಗ ಚರಿತ್ರೆಯತ್ತ ತಿರುಗಿ ನೋಡುವುದು ಉಪಯುಕ್ತವೆಂದು ನನಗನಿಸಿತು. ಏಕೆಂದರೆ ಹರಿಶ್ಚಂದ್ರನ ಕಥೆಯೇ ಹಿರಿಯರಿಂದ ಕಿರಿಯರಿಗೆ ದಾಟುತ್ತಾ ಬಂದ ಒಂದು ಆಸ್ತಿ.

ಕಥೆ ನಡೆದು ಬಂದ ದಾರಿ

ಸುಮಾರು ಎಂಟು ಶತಮಾನಗಳ ಹಿಂದೆ ರಾಘವಾಂಕ ಕವಿಯು 'ಹರಿಶ್ಚಂದ್ರ ಕಾವ್ಯ'ವನ್ನು ಷಟ್ಪದಿಯಲ್ಲಿ ರಚಿಸಿದನು. ಕಾವ್ಯವಾಚನ, ಹರಿಕಥೆ, ಯಕ್ಷಗಾನ, ಬಯಲಾಟ ಹಾಗೂ ಕಂಪನಿ ನಾಟಕಗಳ ಮೂಲಕ ಈ ಕಥೆ ಅಕ್ಷರ ಬಾರದವರ ಮನೆಯನ್ನೂ ಮುಟ್ಟಿತು. ಪಟ್ಟುಬಿಡದೆ ಕಾಡುವವನನ್ನು ಇಂದಿಗೂ ನಾವು 'ನಕ್ಷತ್ರಿಕ' ಎನ್ನುತ್ತೇವೆ. ಹರಿಶ್ಚಂದ್ರನ ಬೆನ್ನು ಹತ್ತಿದ ಸಾಲ ವಸೂಲಿಗಾರನ ಹೆಸರು ಆಡುಮಾತಿನಲ್ಲಿ ಬೆರೆತುಹೋಗಿರುವುದು ಆ ಕಥೆ ಎಷ್ಟು ಆಳಕ್ಕೆ ಇಳಿದಿತ್ತೆಂಬುದಕ್ಕೆ ಸಾಕ್ಷಿ.

ಕನ್ನಡ ನಾಡಿನ ಹೊರಗೂ ಹಾಗೆಯೇ. ಗಾಂಧೀಜಿಯವರು ಬಾಲ್ಯದಲ್ಲಿ ತಂದೆಯ ಅನುಮತಿ ಪಡೆದು ನಾಟಕ ಕಂಪನಿಯೊಂದರ ಹರಿಶ್ಚಂದ್ರ ನಾಟಕವನ್ನು ನೋಡಿದ್ದನ್ನೂ, ಎಲ್ಲರೂ ಹರಿಶ್ಚಂದ್ರನಂತೆ ಏಕೆ ಸತ್ಯವಂತರಾಗಿರಬಾರದು ಎಂಬ ಪ್ರಶ್ನೆ ಹಗಲಿರುಳು ತಮ್ಮನ್ನು ಕಾಡಿದ್ದನ್ನೂ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ. ಒಂದು ನಾಟಕ, ಅದನ್ನು ನೋಡಲು ಒಪ್ಪಿದ ಒಬ್ಬ ತಂದೆ, ಪ್ರಶ್ನೆ ಕೇಳಿದ ಒಂದು ಮಗು. ಎಷ್ಟು ದೊಡ್ಡ ಫಲ ಎಷ್ಟು ಸಣ್ಣ ಬೀಜದಲ್ಲಿತ್ತು!

ಭಾರತದ ಚಲನಚಿತ್ರದ ಹುಟ್ಟಿನಲ್ಲೂ ಇದೇ ಕಥೆಯಿದೆ. 1910-11ರ ಸುಮಾರಿಗೆ ದಾದಾಸಾಹೇಬ ಫಾಲ್ಕೆಯವರು ಮುಂಬಯಿಯಲ್ಲಿ ಯೇಸುಕ್ರಿಸ್ತರ ಜೀವನವನ್ನು ಕುರಿತ ಮೂಕಿಚಿತ್ರವೊಂದನ್ನು ನೋಡಿದರು. ನಮ್ಮ ನಾಡಿನ ಕಥೆಗಳೂ ಹೀಗೆ ಪರದೆಯ ಮೇಲೆ ಚಲಿಸಬಾರದೇಕೆ ಎಂಬ ಆಸೆ ಅವರಲ್ಲಿ ಮೊಳೆಯಿತು. 1913ರ ಮೇ 3ರಂದು ಮುಂಬಯಿಯ ಕಾರೊನೇಷನ್ ಚಿತ್ರಮಂದಿರದಲ್ಲಿ ಅವರ 'ರಾಜಾ ಹರಿಶ್ಚಂದ್ರ' ಬಿಡುಗಡೆಯಾಯಿತು. ಹೆಂಗಸರು ನಟಿಸಲು ಒಪ್ಪದಿದ್ದ ಕಾಲ ಅದು. ರಾಣಿಯ ಪಾತ್ರವನ್ನು ಅಣ್ಣಾ ಸಾಳುಂಕೆ ಎಂಬ ಅಡುಗೆಯವರು ಧರಿಸಿದರು. ರಾಜಕುಮಾರನ ಪಾತ್ರಕ್ಕೆ ಫಾಲ್ಕೆಯವರು ನಿಲ್ಲಿಸಿದ್ದು ತಮ್ಮ ಸ್ವಂತ ಮಗ ಭಾಲಚಂದ್ರನನ್ನು. ಭಾರತದ ಮೊಟ್ಟಮೊದಲ ಕಥಾಚಿತ್ರದಲ್ಲಿ ಸಾಲಕ್ಕಾಗಿ ಮಾರಾಟವಾದ ಬಾಲಕ ನಿರ್ದೇಶಕರದೇ ಮಗನಾಗಿದ್ದನೆಂಬುದನ್ನು ನೆನೆದಾಗ, ಆ ಹಜಾರದಲ್ಲಿ ಎದ್ದ ಪ್ರಶ್ನೆ ನನ್ನ ಕಿವಿಯಲ್ಲಿ ಮತ್ತೊಮ್ಮೆ ಮೊಳಗುತ್ತದೆ.

ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ' ತೆರೆಕಂಡದ್ದು 1934ರ ಮಾರ್ಚ್ 3ರಂದು. ಅದೇ ವರ್ಷ ಬಂದ 'ಭಕ್ತ ಧ್ರುವ' ಚಿತ್ರದ ನಾಯಕ ಒಬ್ಬ ಬಾಲಕ. 1943ರಲ್ಲಿ ಆರ್. ನಾಗೇಂದ್ರರಾಯರು 'ಸತ್ಯ ಹರಿಶ್ಚಂದ್ರ'ವನ್ನು ಕನ್ನಡಕ್ಕೆ ತಂದರು. ಆ ಚಿತ್ರಕ್ಕೆ ಮುಂದೆ ತಮಿಳು ಮಾತುಗಳನ್ನು ಅಳವಡಿಸಿ ಬಿಡುಗಡೆ ಮಾಡಲಾಯಿತು. ಭಾರತದಲ್ಲಿ ಡಬ್ಬಿಂಗ್ ಆದ ಮೊದಲ ಚಿತ್ರವೆಂದು ಅದನ್ನು ಗುರುತಿಸುತ್ತಾರೆ. 1954ರಲ್ಲಿ ಎಚ್.ಎಲ್.ಎನ್. ಸಿಂಹ ಅವರ 'ಬೇಡರ ಕಣ್ಣಪ್ಪ'ದ ಮೂಲಕ ಗುಬ್ಬಿ ಕಂಪನಿಯ ನಟ ಮುತ್ತುರಾಜ್ ಅವರು ರಾಜ್‌ಕುಮಾರ್ ಆದರು. 1965ರಲ್ಲಿ ಹುಣಸೂರು ಕೃಷ್ಣಮೂರ್ತಿಯವರ ನಿರ್ದೇಶನದಲ್ಲಿ ರಾಜ್‌ಕುಮಾರ್ ಹರಿಶ್ಚಂದ್ರನಾಗಿ, ಪಂಢರಿಬಾಯಿ ಚಂದ್ರಮತಿಯಾಗಿ, ಉದಯಕುಮಾರ್ ವಿಶ್ವಾಮಿತ್ರನಾಗಿ, ಎಂ.ಪಿ. ಶಂಕರ್ ವೀರಬಾಹುವಾಗಿ ನಟಿಸಿದ ಚಿತ್ರ ಬಂದಿತು. ಆ ಹಜಾರದಲ್ಲಿ ನಾನು ಕಂಡದ್ದು ಇದೇ ಚಿತ್ರ.

ಇಲ್ಲಿ ಒಂದು ಸಂಗತಿಯನ್ನು ಗಮನಿಸಿ. 1965ರಲ್ಲಿ ಈ ಚಿತ್ರವನ್ನು ನೋಡಲು ಬಂದವರಲ್ಲಿ ಬಹುಪಾಲು ಜನರಿಗೆ ಕಥೆ ಮೊದಲೇ ತಿಳಿದಿತ್ತು. ಮುಂದೇನಾಗುವುದೆಂಬ ಕುತೂಹಲದಿಂದ ಅವರು ಬಂದಿರಲಿಲ್ಲ. ತಿಳಿದ ಕಥೆಯನ್ನು ಇವರು ಹೇಗೆ ಅಭಿನಯಿಸುತ್ತಾರೆ, ಹೇಗೆ ಹಾಡುತ್ತಾರೆ ಎಂದು ನೋಡಲು ಬಂದಿದ್ದರು. ನಿಧಾನ ನಡೆ, ದೀರ್ಘ ಸಂಭಾಷಣೆ, ಪದ್ಯಗಳು ಇವೆಲ್ಲವೂ ಅಂಥ ಪ್ರೇಕ್ಷಕರಿಗಾಗಿಯೇ ಇದ್ದವು. ಹರಿಕಥೆಯನ್ನೂ ಬಯಲಾಟವನ್ನೂ ಕಾಣದೆ ಬೆಳೆದ ಮಗುವಿನ ಮುಂದೆ ನಾವು ನೇರವಾಗಿ ಚಿತ್ರವನ್ನೇ ಇಟ್ಟರೆ, ಅಡಿಪಾಯವಿಲ್ಲದೆ ಮಹಡಿ ಕಟ್ಟಿದಂತಾಗುತ್ತದೆ. ಮಗುವಿಗೆ ಬೇಸರವಾದರೆ ಅದರ ದೋಷವಲ್ಲ.

ಗುಡಾರದಿಂದ ಅಂಗೈಗೆ

ನಾನು ಈ ಚಿತ್ರವನ್ನು ಮೊದಲು ನೋಡಿದ್ದು ಊರಿನ ಹೊರಗೆ ಸುಗ್ಗಿ ಮುಗಿದ ಹೊಲದಲ್ಲಿ ಹಾಕಿದ್ದ ಟೂರಿಂಗ್ ಟಾಕೀಸಿನ ಗುಡಾರದಲ್ಲಿ. ಸಂಜೆಯಾಗುತ್ತಿದ್ದಂತೆ ಧ್ವನಿವರ್ಧಕದಲ್ಲಿ ಘಂಟಸಾಲರ ವೆಂಕಟೇಶ ಸ್ತುತಿ ಕೇಳಿಬಂದರೆ ಆಟ ಆರಂಭವಾಗುವ ಹೊತ್ತಾಯಿತೆಂದು ಅರ್ಥ. ಕ್ರೈಸ್ತರಾದ ನಮ್ಮ ಕೇರಿಯ ಹೆಂಗಸರೂ ಆ ಹಾಡು ಕೇಳಿದೊಡನೆ ಒಲೆ ಆರಿಸಿ ಹೊರಡುತ್ತಿದ್ದರು. ನೆಲ, ಬೆಂಚು, ಕುರ್ಚಿ ಎಂದು ಮೂರು ದರ್ಜೆ. ನಾವು ಮರಳನ್ನು ಗುಡ್ಡೆ ಮಾಡಿಕೊಂಡು ಅದರ ಮೇಲೆ ಕುಳಿತುಕೊಳ್ಳುತ್ತಿದ್ದೆವು. ಗುಡಾರದಲ್ಲಿ ಒಂದೇ ಪ್ರೊಜೆಕ್ಟರ್ ಇದ್ದುದರಿಂದ ರೀಲು ಬದಲಿಸುವಾಗಲೆಲ್ಲ ಬಿಡುವು. ಆ ಬಿಡುವಿನಲ್ಲಿ ಕಡಲೆಕಾಯಿ, ಮಾತುಕತೆ, ಹಿಂದಿನ ದೃಶ್ಯದ ವಿಮರ್ಶೆ. ಸಣ್ಣವರು ಕೇಳಿದ ಪ್ರಶ್ನೆಗಳಿಗೆ ದೊಡ್ಡವರು ಉತ್ತರಿಸುತ್ತಿದ್ದುದೂ ಆಗಲೇ.

ಲೋಹಿತಾಶ್ವನನ್ನು ಹಾವು ಕಚ್ಚಿದಾಗ, ಸ್ಮಶಾನದಲ್ಲಿ ತಂದೆಯೇ ಮಗನ ಹೆಣಕ್ಕೆ ಸುಂಕ ಕೇಳಿದಾಗ ಗುಡಾರಕ್ಕೆ ಗುಡಾರವೇ ಬಿಕ್ಕಿ ಅಳುತ್ತಿತ್ತು. ನನ್ನ ತಾಯಿ ನನ್ನನ್ನು ಸೆರಗಿನೊಳಗೆ ಎಳೆದುಕೊಂಡದ್ದು ನೆನಪಿದೆ. ಮಗನನ್ನು ಮಾರುವುದು ಸರಿಯೇ ಎಂದು ನಾನು ಕೇಳಲಿಲ್ಲ. ಯಾರೂ ಕೇಳಿದಂತೆ ನೆನಪಿಲ್ಲ. ಆ ಪ್ರಶ್ನೆಯನ್ನು ನಾವು ಅತ್ತು ಮುಗಿಸಿದ್ದೆವೆಂದು ಈಗ ತೋರುತ್ತದೆ.

1981ರಲ್ಲಿ ಬೆಂಗಳೂರು ದೂರದರ್ಶನ ಕೇಂದ್ರ ಆರಂಭವಾಯಿತು. ಭಾನುವಾರದ ಕನ್ನಡ ಚಿತ್ರಕ್ಕಾಗಿ ಟಿ.ವಿ. ಇದ್ದ ಒಂದು ಮನೆಯ ಮುಂದೆ ಬೀದಿಯೇ ಸೇರುತ್ತಿತ್ತು. ಇಂದು ತಂದೆತಾಯಿಯರಾಗಿರುವವರಲ್ಲಿ ಅನೇಕರು ಐವತ್ತು ಅರವತ್ತರ ದಶಕದ ಚಿತ್ರಗಳನ್ನು ಕಂಡದ್ದು ಹೀಗೆ. ಅಂದರೆ, 'ನಮ್ಮ ಕಾಲದ ಚಿತ್ರ' ಎಂದು ಅವರು ಪ್ರೀತಿಯಿಂದ ಕರೆಯುವುದು ನಿಜಕ್ಕೂ ಅವರ ಅಜ್ಜ ಅಜ್ಜಿಯರ ಕಾಲದ್ದು. ಅವರಿಗೂ ಅದನ್ನು ಯಾರೋ ಪಕ್ಕದಲ್ಲಿ ಕುಳಿತು ಕೊಟ್ಟಿದ್ದರು. ಮುಂದೆ ವೀಡಿಯೋ ಕ್ಯಾಸೆಟ್ ಬಂದಿತು, ವಿ.ಸಿ.ಡಿ. ಬಂದಿತು. 2008ರಲ್ಲಿ 'ಸತ್ಯ ಹರಿಶ್ಚಂದ್ರ'ಕ್ಕೂ 2014ರಲ್ಲಿ 'ಕಸ್ತೂರಿ ನಿವಾಸ'ಕ್ಕೂ ಬಣ್ಣ ತುಂಬಿ ಮತ್ತೆ ಚಿತ್ರಮಂದಿರಗಳಲ್ಲಿ ಬಿಡುಗಡೆ ಮಾಡಲಾಯಿತು. ಈಗ ಅಂಗೈಯಲ್ಲಿರುವ ಮೊಬೈಲಿನಲ್ಲೇ ಎಲ್ಲವೂ ಸಿಗುತ್ತದೆ. ಸಿಗುವುದು ಸುಲಭವಾದಷ್ಟೂ ಒಟ್ಟಾಗಿ ಕುಳಿತು ನೋಡುವುದು ಅಪರೂಪವಾಗಿದೆ. ಒಂದೇ ಮನೆಯ ನಾಲ್ವರು ನಾಲ್ಕು ಪರದೆಗಳ ಮುಂದೆ ಕುಳಿತಿರುವಾಗ ಯಾರು ಯಾರಿಗೆ ಏನನ್ನು ದಾಟಿಸಬಲ್ಲರು?

ಉಳಿದದ್ದೆಷ್ಟು, ಕಳೆದದ್ದೆಷ್ಟು

ಹಳೆಯ ಚಿತ್ರಗಳು ಎಂದೆಂದಿಗೂ ಇರುತ್ತವೆಂಬ ಭ್ರಮೆ ನಮಗೆ ಬೇಡ. 'ಸತಿ ಸುಲೋಚನ'ದ ಒಂದು ಪ್ರತಿಯೂ ಇಂದು ಉಳಿದಿಲ್ಲ. ಕನ್ನಡ ಪರದೆ ಮೊದಲ ಬಾರಿ ಮಾತನಾಡಿದಾಗ ಏನು ಹೇಳಿತೆಂಬುದನ್ನು ಯಾವ ಮಗುವಿಗೂ ನಾವು ಕೇಳಿಸಲಾರೆವು. ನಾಲ್ಕು ರೀಲುಗಳ 'ರಾಜಾ ಹರಿಶ್ಚಂದ್ರ'ದಲ್ಲಿಯೂ ಉಳಿದಿರುವುದು ಕೆಲವು ಭಾಗಗಳು ಮಾತ್ರ. ಆ ಕಾಲದ ಫಿಲ್ಮ್ ನೈಟ್ರೇಟ್‌ನಿಂದ ತಯಾರಾಗಿರುತ್ತಿತ್ತು. ಅದು ಬೇಗನೆ ಬೆಂಕಿ ಹತ್ತುವ ವಸ್ತು; ಸುಮ್ಮನೆ ಇಟ್ಟರೂ ಕಾಲಕ್ರಮೇಣ ಕೊಳೆತು ಪುಡಿಯಾಗುತ್ತದೆ. ಓಡಿ ಮುಗಿದ ಚಿತ್ರಗಳ ಪ್ರತಿಗಳನ್ನು ತೊಳೆದು ಅದರಲ್ಲಿದ್ದ ಬೆಳ್ಳಿಯನ್ನು ತೆಗೆದು ಮಾರಿದ್ದೂ ಉಂಟು. ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಸ್ಥಾಪನೆಯಾದದ್ದು 1964ರಲ್ಲಿ, ಕನ್ನಡದ ಮೊದಲ ವಾಕ್ಚಿತ್ರ ಬಂದು 30 ವರ್ಷಗಳಾದ ಮೇಲೆ. ಪಿ.ಕೆ. ನಾಯರ್ ಅವರು ಊರೂರು ಅಲೆದು ಚಿತ್ರಗಳನ್ನು ಸಂಗ್ರಹಿಸುವ ಹೊತ್ತಿಗೆ ಅದೆಷ್ಟೋ ಕಳೆದುಹೋಗಿದ್ದವು. ಸಂಗ್ರಹವಾದವುಗಳಲ್ಲೂ ಕೆಲವು 2003ರ ಜನವರಿಯಲ್ಲಿ ಪುಣೆಯ ನೈಟ್ರೇಟ್ ಉಗ್ರಾಣಕ್ಕೆ ಬಿದ್ದ ಬೆಂಕಿಯಲ್ಲಿ ಸುಟ್ಟುಹೋದವು.

ಸಂತೋಷದ ಸುದ್ದಿಯೂ ಇದೆ. ಗಿರೀಶ್ ಕಾಸರವಳ್ಳಿಯವರ 'ಘಟಶ್ರಾದ್ಧ' (1977) ಜೀರ್ಣೋದ್ಧಾರಗೊಂಡು 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನಗೊಂಡಿತು. ನೆಗೆಟಿವ್ ಉಳಿದಿದ್ದರಿಂದ ಅದು ಸಾಧ್ಯವಾಯಿತು. ಆದರೆ ಫಿಲ್ಮ್ ಉಳಿದರೆ ಸಾಲದು, ಅದನ್ನು ನೋಡುವ ಕಣ್ಣೂ ಉಳಿಯಬೇಕು. ಆ ಕೆಲಸ ಮನೆಯ ಹಜಾರದಲ್ಲಿ ನಡೆಯಬೇಕಾದದ್ದು.

ಯಾವುದನ್ನು, ಯಾವಾಗ, ಹೇಗೆ?

ಚಲನಚಿತ್ರಕ್ಕೆ ನೂರು ವರ್ಷ ತುಂಬಿದ 1995ರಲ್ಲಿ ವ್ಯಾಟಿಕನ್ನಿನ ಸಾಮಾಜಿಕ ಸಂಪರ್ಕ ಪರಿಷತ್ತು 45 ಮುಖ್ಯ ಚಿತ್ರಗಳ ಪಟ್ಟಿಯೊಂದನ್ನು ಪ್ರಕಟಿಸಿತು. ಧರ್ಮ, ಮೌಲ್ಯ, ಕಲೆ ಎಂಬ ಮೂರು ವಿಭಾಗಗಳಿದ್ದ ಆ ಪಟ್ಟಿಯಲ್ಲಿ ಚಾಪ್ಲಿನ್‌ನ 'ಮಾಡರ್ನ್ ಟೈಮ್ಸ್' ಇತ್ತು, ಮಕ್ಕಳ ಮೆಚ್ಚಿನ 'ದಿ ವಿಜರ್ಡ್ ಆಫ್ ಓಜ್' ಸಹ ಇತ್ತು. ಪ್ರತಿ ಮನೆಯೂ ತನ್ನದೇ ಆದ ಇಂಥ ಒಂದು ಚಿಕ್ಕ ಪಟ್ಟಿಯನ್ನು ಮಾಡಿಕೊಳ್ಳಬಹುದು. ನನ್ನ ಅನುಭವದಿಂದ ಕೆಲವು ಮಾತುಗಳನ್ನು ಮುಂದಿಡುತ್ತೇನೆ.

ಮೊದಲನೆಯದಾಗಿ, ಕಥೆಯನ್ನು ಬಾಯಲ್ಲಿ ಹೇಳಿ. ಚಿತ್ರ ಆಮೇಲೆ ಬರಲಿ. ಊಟದ ಹೊತ್ತಿನಲ್ಲಿ ಎರಡು ಮೂರು ದಿನ ಹೇಳಿದ ಕಥೆ ಭಾನುವಾರ ಪರದೆಯ ಮೇಲೆ ಕಂಡರೆ ಮಗುವಿಗೆ ಪರಿಚಿತರನ್ನು ಕಂಡ ಸಂತೋಷವಾಗುತ್ತದೆ. ಎರಡನೆಯದಾಗಿ, ಇಡೀ ಚಿತ್ರವನ್ನು ಒಂದೇ ಸಲ ತೋರಿಸಬೇಕೆಂಬ ಹಟ ಬೇಡ. ಗುಡಾರದಲ್ಲಿ ನಾವೂ ರೀಲು ರೀಲಾಗಿಯೇ ನೋಡಿದ್ದು. ಅರ್ಧ ಗಂಟೆ ನೋಡಿ, ನಿಲ್ಲಿಸಿ, ಮಾತನಾಡಿ. ಮೂರನೆಯದಾಗಿ, ಕಪ್ಪು ಬಿಳುಪಿಗಾಗಿ ಕ್ಷಮೆ ಕೇಳಬೇಡಿ. ಆ ಕಾಲದಲ್ಲಿ ವರ್ಣಚಿತ್ರ ತೆಗೆಯುವುದು ದುಬಾರಿಯಾಗಿತ್ತೆಂದೂ, ಕನ್ನಡದ ಮೊದಲ ಪೂರ್ಣ ವರ್ಣಚಿತ್ರ 'ಅಮರಶಿಲ್ಪಿ ಜಕಣಾಚಾರಿ' 1964ರಲ್ಲಿ ಬಂದಿತೆಂದೂ ಹೇಳಿ. ಮುಖದ ಮೇಲೆ ಬೆಳಕು ಎಲ್ಲಿ ಬಿದ್ದಿದೆ, ನೆರಳು ಎಲ್ಲಿದೆ ಎಂದು ತೋರಿಸಿ. ಮಕ್ಕಳು ನಮಗಿಂತ ಚೆನ್ನಾಗಿ ನೋಡಬಲ್ಲರು.

ಇನ್ನು ಚಿತ್ರಗಳ ಆಯ್ಕೆ. ಏಳೆಂಟು ವರ್ಷದವರಿಗೆ 'ಪುಟಾಣಿ ಏಜೆಂಟ್ 123' (1979), 'ಮಕ್ಕಳ ಸೈನ್ಯ' (1980)ದಂಥ ಚಿತ್ರಗಳಿಂದ ಆರಂಭಿಸಬಹುದು. ಎನ್. ಲಕ್ಷ್ಮೀನಾರಾಯಣ್ ಅವರ 'ಬೆಟ್ಟದ ಹೂವು' (1985) ನನ್ನ ಮೆಚ್ಚಿನದು. ಶೆರ್ಲಿ ಅರೋರಾ ಎಂಬ ಲೇಖಕಿಯ ಕಾದಂಬರಿಯನ್ನು ಆಧರಿಸಿದ ಈ ಚಿತ್ರದಲ್ಲಿ ಬಡ ಹುಡುಗ ರಾಮು, ಕುವೆಂಪು ಅವರ 'ಶ್ರೀ ರಾಮಾಯಣ ದರ್ಶನಂ' ಕೊಳ್ಳಬೇಕೆಂದು ಕಾಡುಹೂಗಳನ್ನು ಮಾರಿ ಹಣ ಕೂಡಿಸುತ್ತಾನೆ; ಕೊನೆಗೆ ಆ ಹಣದಿಂದ ಮನೆಯವರಿಗಾಗಿ ಕಂಬಳಿ ಕೊಳ್ಳುತ್ತಾನೆ. ಆ ಪಾತ್ರಕ್ಕಾಗಿ ಪುನೀತ್ ರಾಜ್‌ಕುಮಾರ್ ಅವರಿಗೆ ಬಾಲನಟ ರಾಷ್ಟ್ರಪ್ರಶಸ್ತಿ ಬಂದಿತು. 2021ರ ಅಕ್ಟೋಬರ್ 29ರಂದು ಅವರು ತೀರಿಕೊಂಡಾಗ ಕಣ್ಣೀರಿಟ್ಟ ಮನೆಗಳಲ್ಲಿ ಈ ಚಿತ್ರವನ್ನು ಮಕ್ಕಳಿಗೆ ತೋರಿಸಲು ಹೆಚ್ಚಿನ ವಿವರಣೆ ಬೇಕಾಗಲಾರದು.

ಹತ್ತು ದಾಟಿದವರಿಗೆ ಬಿ.ಆರ್. ಪಂತುಲು ಅವರ 'ಸ್ಕೂಲ್ ಮಾಸ್ಟರ್' (1958) ಹಾಗೂ ಸಿದ್ಧಲಿಂಗಯ್ಯನವರ 'ಬಂಗಾರದ ಮನುಷ್ಯ' (1972) ಒಳ್ಳೆಯವು. ಮೊದಲನೆಯದರಲ್ಲಿ ವೃದ್ಧ ತಂದೆತಾಯಿಯರನ್ನು ಮಕ್ಕಳು ಹಂಚಿಕೊಂಡು ಬೇರ್ಪಡಿಸುತ್ತಾರೆ. ಇದನ್ನು ಅಜ್ಜ ಅಜ್ಜಿಯರೊಡನೆ ಕುಳಿತು ನೋಡಿ. ನಡುವಿನ ತಲೆಮಾರಿಗೆ, ಅಂದರೆ ನಮಗೇ, ಕೆಲವು ಗಳಿಗೆ ಮುಜುಗರವಾದೀತು. ಆಗಲಿ. ಎರಡನೆಯದು ಟಿ.ಕೆ. ರಾಮರಾವ್ ಅವರ ಕಾದಂಬರಿಯನ್ನು ಆಧರಿಸಿದ್ದು. ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿದ ಈ ಚಿತ್ರ, ಕಲ್ಲುಭೂಮಿಯನ್ನು ಹಸನು ಮಾಡುವ ಬೆವರಿನ ಕಥೆ. ಅಕ್ಕಿ ಅಂಗಡಿಯಿಂದ ಬರುತ್ತದೆಂದು ನಂಬಿರುವ ಮಗುವಿಗೆ ಇದು ಹೊಸ ಲೋಕ.

ಕೆಲವು ಚಿತ್ರಗಳನ್ನು ಕಾಯ್ದಿರಿಸಬೇಕು. 'ಬೇಡರ ಕಣ್ಣಪ್ಪ'ದಲ್ಲಿ ಕಣ್ಣು ಕೀಳುವ ದೃಶ್ಯ ಎಳೆಯ ಮನಸ್ಸನ್ನು ಹೆದರಿಸಬಹುದು. ಪುಟ್ಟಣ್ಣ ಕಣಗಾಲರ 'ನಾಗರಹಾವು' (1972) ಚಿತ್ರದ ಚಾಮಯ್ಯ ಮೇಷ್ಟ್ರನ್ನು ಯಾರು ಮರೆತಾರು? ಆದರೂ ರಾಮಾಚಾರಿ ಮತ್ತು ಕ್ರೈಸ್ತ ಹುಡುಗಿ ಮಾರ್ಗರೇಟ್ ಬೆಟ್ಟದ ಮೇಲಿಂದ ಸಾವಿಗೆ ಧುಮುಕುವ ಅಂತ್ಯವನ್ನು ಪ್ರೌಢ ವಯಸ್ಸಿನ ಮಕ್ಕಳೊಡನೆ ಮಾತ್ರ, ಮಾತುಕತೆಯ ಜೊತೆಗೆ ನೋಡಬೇಕು. ಬಾಲವಿಧವೆಯೊಬ್ಬಳಿಗಾದ ಕ್ರೌರ್ಯವನ್ನು ನಾಣಿ ಎಂಬ ಹುಡುಗನ ಕಣ್ಣಿನಿಂದ ಕಾಣಿಸುವ 'ಘಟಶ್ರಾದ್ಧ'ವೂ ಹಾಗೆಯೇ.

ಮತ್ತೊಂದು ಮಾತನ್ನು ಮುಚ್ಚಿಡಲಾಗದು. ಹಳೆಯದೆಲ್ಲ ಚಿನ್ನವಲ್ಲ. ಗಂಡ ಹೆಂಡತಿಯ ಕೆನ್ನೆಗೆ ಬಾರಿಸಿ 'ಬುದ್ಧಿ ಕಲಿಸುವ' ದೃಶ್ಯಗಳಿಗೆ ನಾವು ಚಪ್ಪಾಳೆ ತಟ್ಟಿದ್ದೇವೆ. ಕಪ್ಪು ಬಣ್ಣದವರನ್ನು, ಉಗ್ಗುವವರನ್ನು ಕಂಡು ನಕ್ಕಿದ್ದೇವೆ. ಕತ್ತಿನಲ್ಲಿ ಶಿಲುಬೆ ಧರಿಸಿದ ಪಾತ್ರವೆಂದರೆ ಕುಡುಕನೋ ಕ್ಲಬ್ಬಿನ ನರ್ತಕಿಯೋ ಆಗಿರುತ್ತಿದ್ದುದನ್ನೂ ಮಾತನಾಡದೆ ನೋಡಿದ್ದೇವೆ. ಈ ದೃಶ್ಯಗಳನ್ನು ಕತ್ತರಿಸಿ ತೋರಿಸುವುದಕ್ಕಿಂತ, "ಆಗ ಹೀಗಿತ್ತು, ಇದು ಸರಿಯಲ್ಲ, ನಾವೂ ನಕ್ಕಿದ್ದೆವು" ಎಂದು ಒಪ್ಪಿಕೊಳ್ಳುವುದು ಲೇಸು. ತಂದೆತಾಯಿ ತಪ್ಪೊಪ್ಪಿಕೊಳ್ಳುವುದನ್ನು ಕಂಡ ಮಗು ಒಂದು ದೊಡ್ಡ ಪಾಠವನ್ನೇ ಕಲಿಯುತ್ತದೆ.

ಆ ಪ್ರಶ್ನೆಗೆ ಉತ್ತರ

ಹಜಾರದ ಪ್ರಶ್ನೆಗೆ ಮರಳೋಣ. ಎರಡು ವಾರಗಳ ನಂತರ ಆ ತಂದೆ ಪೂಜೆ ಮುಗಿದ ಮೇಲೆ ನನ್ನನ್ನು ಕಾಣಲು ಬಂದರು. "ಏನು ಉತ್ತರ ಕೊಟ್ಟಿರಿ?" ಎಂದು ಕೇಳಿದೆ. "ಅವತ್ತು ರಾತ್ರಿ ಮಲಗೋ ಮುಂಚೆ ಹೇಳಿದೆ ಫಾದರ್. ಮಾರೋದಿಲ್ಲ ಕಂದಾ, ಎಷ್ಟೇ ಸಾಲ ಆದ್ರೂ ಮಾರೋದಿಲ್ಲ ಅಂದೆ. ಹಾಗಾದ್ರೆ ಆ ರಾಜ ಕೆಟ್ಟವನಾ ಅಂತ ಕೇಳ್ದ. ಅದಕ್ಕೆ ಉತ್ತರ ಗೊತ್ತಾಗಲಿಲ್ಲ" ಎಂದರು.

ನನಗೂ ಸುಲಭದ ಉತ್ತರವಿರಲಿಲ್ಲ. ಹೆಂಡತಿ ಮಕ್ಕಳು ಗಂಡಸಿನ ಸ್ವತ್ತೆಂದು ಜಗತ್ತು ನಂಬಿದ್ದ ಕಾಲದಲ್ಲಿ ಹುಟ್ಟಿದ ಕಥೆ ಅದು. ಆ ನಂಬಿಕೆಯನ್ನು ನಾವಿಂದು ತೊರೆದಿದ್ದೇವೆ, ತೊರೆಯಲೇಬೇಕು. ಕೊಟ್ಟ ಮಾತಿಗಾಗಿ ಸಿಂಹಾಸನವನ್ನೇ ಬಿಟ್ಟು ಸ್ಮಶಾನ ಕಾಯಲು ನಿಂತ ಮನುಷ್ಯನ ಸತ್ಯಕ್ಕೆ ಮಾತ್ರ ಮುಪ್ಪಿಲ್ಲ. ಈ ಎರಡನ್ನೂ ಒಟ್ಟಿಗೆ ಹಿಡಿದುಕೊಳ್ಳಲು ಏಳು ವರ್ಷದ ಮಗುವಿಗೆ ಆಗದು. ಆದರೆ ತಂದೆಯ ಪಕ್ಕದಲ್ಲಿ ಕುಳಿತು ಕೇಳಿದ ಪ್ರಶ್ನೆ ಅದರೊಡನೆ ಬೆಳೆಯುತ್ತದೆ. ಹದಿನಾಲ್ಕರಲ್ಲಿ ಒಮ್ಮೆ, ಮೂವತ್ತರಲ್ಲಿ ಮತ್ತೊಮ್ಮೆ ಅದು ಎದ್ದು ನಿಲ್ಲುತ್ತದೆ. ಗುಡಾರದಲ್ಲಿ ನಾನು ಕೇಳದೆ ಬಿಟ್ಟದ್ದನ್ನು ಆ ಹುಡುಗ ಕೇಳಿದ್ದಾನೆ. ಆದುದರಿಂದ ಆ ಸಂಜೆ ಕೆಟ್ಟಿತೆಂದು ನಾನು ಹೇಳಲಾರೆ. ಇದನ್ನೇ ಅವನ ತಂದೆಗೂ ಹೇಳಿದೆ.

"ಚಿತ್ರ ಅರ್ಧಕ್ಕೇ ನಿಂತಿದೆಯಲ್ಲ, ಮುಂದೇನು?" ಎಂದೆ. ಅವರು ನಕ್ಕರು. "ಅವನೇ ಕೇಳ್ತಿದ್ದಾನೆ ಫಾದರ್, ಆ ಹುಡುಗ ಮನೆಗೆ ವಾಪಸ್ ಬರ್ತಾನಾ ಅಂತ. ಈ ಭಾನುವಾರ ಉಳಿದದ್ದು ನೋಡೋಣ ಅಂತ ಮಾತಾಗಿದೆ. ಹಾವು ಬರೋದನ್ನ ಮಾತ್ರ ಮೊದಲೇ ಹೇಳಿಟ್ಟಿದ್ದೀನಿ."

ಪ್ರಿಯ ಓದುಗರೇ, ನಿಮ್ಮ ಮನೆಯಲ್ಲೂ ಅರ್ಧಕ್ಕೆ ನಿಂತ ಚಿತ್ರವೊಂದಿರಬಹುದು. ಬರುವ ಭಾನುವಾರ ಮೊಬೈಲುಗಳನ್ನು ಬದಿಗಿಟ್ಟು ಮಕ್ಕಳ ಪಕ್ಕದಲ್ಲಿ ಕುಳಿತುಕೊಳ್ಳಿ. ಅವರು ಎದ್ದುಹೋದರೆ ಕೋಪಿಸಿಕೊಳ್ಳಬೇಡಿ. ನೀರು ಕುಡಿದು ಬರುವವರೆಗೆ ರೀಲು ಬದಲಾಗುತ್ತಿದೆ ಎಂದುಕೊಂಡು ಕಾಯಿರಿ.